ಮೆತ್ತನೆಯ ಬೆರಳು

ಮಾರ್ಚ್ ೧೨, ಗುರುವಾರ
ಗ್ಯಾರೇಜಿನಿಂದ, ಊಟದ ಬಿಡುವಿನಲ್ಲಿ

ನನ್ನ ಪುಟ್ಟಿಗೆ,

ಅಪ್ಪನ ಆಶೀರ್ವಾದ. ಹತ್ತು ದಿನದಿಂದ ಫೋನ್ ಎತ್ತಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ. ಎತ್ತಲು ಫೋನೇ ಇಲ್ಲ, ನಾನೇ ಸುತ್ತಿಗೆಯಿಂದ ಜಜ್ಜಿಬಿಟ್ಟೆ. ಕಾಗದ ತಡವಾಯಿತು, ಬೈಯಬೇಡ.

ನೀನು ಹಾಕಿಕೊಟ್ಟ ಸಕ್ಕರೆ ಕಾಯಿಲೆಯ ಆ್ಯಪ್ ಮೊದಮೊದಲು ಚೆನ್ನಾಗಿಯೇ ಇತ್ತು. ಬೆಳಿಗ್ಗೆ ಬೆರಳು ಚುಚ್ಚಿ, ಬಂದ ಅಂಕಿ ತುಂಬಿದರೆ ಹಸಿರು ದೀಪ ಹೊತ್ತಿಸಿ 'ಶಭಾಷ್' ಅನ್ನುತ್ತಿತ್ತು. ಮೂವತ್ತು ವರ್ಷ ಕಾರುಗಳ ತಗ್ಗು ಬಡಿದು ಸರಿಮಾಡಿದ್ದೇನೆ, ಒಬ್ಬ ಮಾಲೀಕನೂ ಹಾಗೆ ಅಂದವನಲ್ಲ. ನಾನು ಕಳಿಸಿದ ಅಂಕಿ ನೋಡಿ ನೀನು 'ಅಪ್ಪ ಜಾಣ' ಎಂದು ಬರೆದದ್ದನ್ನು ಗ್ಯಾರೇಜಿನವರಿಗೆಲ್ಲ ತೋರಿಸಿಕೊಂಡು ತಿರುಗಿದೆ.

ಹೋದ ತಿಂಗಳು ಅಂಕಿ ಏರತೊಡಗಿತು. ಸಿಹಿ ಬಿಟ್ಟೆ, ನಡೆದೆ, ಮತ್ತೂ ಏರಿತು. ಮುನ್ನೂರ ಎಂಬತ್ತು ಬಂದು ಆ್ಯಪ್ ಕೆಂಪಗಾದ ದಿನ ತಲೆ ಕೆಟ್ಟುಹೋಯಿತು. ರಕ್ತ ಹಚ್ಚುವ ಪಟ್ಟಿಯೇ ಖೋಟಾ ಎಂದು ಔಷಧಿ ಅಂಗಡಿಗೆ ನುಗ್ಗಿದೆ. ಅಂಗಡಿಯವನು ತಣ್ಣಗೆ, "ಯಜಮಾನ್ರೇ, ಪಟ್ಟಿ ಸುಳ್ಳು ಹೇಳಲ್ಲ. ತಿನ್ನೋರು ಹೇಳ್ತಾರೆ" ಅಂದ. ಕೊರಳಪಟ್ಟಿ ಹಿಡಿದೆಳೆದು ಬಾಯಿಗೇ ಗುದ್ದಿದೆ. ಗಾಜಿನ ಕಪಾಟಿನ ಮೇಲೆ ಬಿದ್ದ. ಹಣೆ ಸೀಳಿತು, ಎರಡು ಹಲ್ಲು ಹೋದವು. ಬಿದ್ದವನನ್ನೂ ಒದ್ದೆ. ಗ್ಯಾರೇಜಿನಿಂದ ನನ್ನ ಹಿಂದೆಯೇ ಓಡಿ ಬಿಡಿಸಲು ಬಂದ ನಮ್ಮ ಪೇಂಟರ್ ಕುಳ್ಳನ ಕಿವಿಗೂ ಒಂದು ಬಿತ್ತು. ಅವನಿಗೆ ಆ ಕಡೆ ಇನ್ನೂ ಸರಿಯಾಗಿ ಕೇಳಿಸುತ್ತಿಲ್ಲ. ಆಮೇಲೆ ಗ್ಯಾರೇಜಿಗೆ ಬಂದು ಫೋನನ್ನು ತಗಡು ಬಡಿಯುವ ಅಡಿಗಲ್ಲಿನ ಮೇಲಿಟ್ಟು, "ಈಗ ಅನ್ನು ಶಭಾಷ್" ಎಂದು ಪುಡಿಯಾಗುವ ತನಕ ಬಡಿದೆ.

ಪೊಲೀಸರು ಎರಡು ದಿನ ಕೂರಿಸಿಕೊಂಡರು. ನಿಮ್ಮಮ್ಮ ಹೋಗಿ ಅಂಗಡಿಯವನಿಗೆ ಕೈಮುಗಿದಳು, ದೂರು ವಾಪಸಾಯಿತು. ಅವಳು ಸೊರಗಿದ್ದಾಳೆ, ಚೊಂಬುಗಟ್ಟಲೆ ನೀರು ಕುಡಿಯುತ್ತಾಳೆ. ನನ್ನ ಕಾಟಕ್ಕೆ ಹೀಗಾಗಿದ್ದಾಳೆ ಅಂದುಕೊಂಡಿದ್ದೆ.

ನೀನೂ ಅಳಿಯಂದಿರೂ ತಣ್ಣಗಿರಿ. ಜಗಳವಾಡಬೇಡಿ, ನಿಮ್ಮ ಪಾಲಿನದನ್ನೂ ನಾನೇ ಆಡಿ ಮುಗಿಸಿದ್ದೇನೆ.

ನಿನ್ನ ಅಪ್ಪ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆ ಅಂಕಿ ನನ್ನದಲ್ಲ. ಸುತ್ತಿಗೆ ಹಿಡಿದು ಜಡ್ಡುಗಟ್ಟಿದ ನನ್ನ ಬೆರಳಿಗೆ ಸೂಜಿ ಇಳಿಯಲಿಲ್ಲ. ಒಂದೇ ಪಾತ್ರೆಯಲ್ಲಿ ಬೆಂದದ್ದನ್ನು ಉಣ್ಣುವವರ ರಕ್ತ ಬೇರೆಯಾದೀತೇ ಎಂದು, ಮೊದಲ ವಾರದಿಂದಲೂ ನಿಮ್ಮಮ್ಮನ ಬೆರಳನ್ನೇ ಚುಚ್ಚಿದೆ. "ನೋಯುತ್ತೆ, ಇವತ್ತು ಬೇಡ" ಅಂದ ದಿನ ಕೈ ತಿರುಚಿ ಹಿಡಿದು ಚುಚ್ಚಿದೆ. ಅವಳು ಮುಗಿದ ಕೈಯ ತೂತುಗಳನ್ನು ನೋಡಿ ಹಲ್ಲು ಕಳೆದುಕೊಂಡ ಆ ಅಂಗಡಿಯವನೇ ಕೇಳಿದನಂತೆ, "ಅಮ್ಮಾ, ಸಕ್ಕರೆ ಯಜಮಾನ್ರಿಗೋ, ನಿಮಗೋ?"

ರಕ್ತ ನೋಡದೆ ಮದ್ದು ಶುರುಮಾಡಲಾಗದು ಎನ್ನುತ್ತಾರೆ ಡಾಕ್ಟರು. ಅವಳು ಯಾರಿಗೂ ತೋಳು ಮುಟ್ಟಗೊಡುತ್ತಿಲ್ಲ, ಮುಷ್ಟಿ ಬಿಚ್ಚುತ್ತಿಲ್ಲ. ನಾನು ಹತ್ತಿರ ಹೋದರೆ ಕೈ ಹೊದಿಕೆಯೊಳಗೆ ಸೇರುತ್ತದೆ. ಬೇಗ ಬಾ, ಪುಟ್ಟಿ. ನಿನಗಾದರೂ ಬೆರಳು ಕೊಟ್ಟಾಳು.