ನಾನು ತಿದ್ದಿದ ಆರು ತಂತಿಗಳು

ಗುರುವಾರ, ಮಾರ್ಚ್ ಹನ್ನೆರಡು
ಊಟದ ಮೇಜಿನಿಂದ, ಬೆಳಗಿನ ಎಂಟು ಗಂಟೆ

ಅಮ್ಮಾ,

ಈ ಕಾಗದವನ್ನು ಪ್ರಯೋಗಾಲಯದಲ್ಲಿ ನಿಂತುಕೊಂಡು ಓದಬೇಡ. ಕೈಗವಸು ಕಳಚಿ, ಕೈ ತೊಳೆದು, ವರ್ಗವಾಗಿ ಹೋದ ಆ ಊರಿನ ಹಾಸ್ಟೆಲಿನ ನಿನ್ನ ಕೋಣೆಗೆ ಹೋಗಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಓದು. ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನೀನು ಕೇಳುತ್ತೀ. ಫೋನಿನಲ್ಲಾದರೆ "ಊಟ ಆಯ್ತಾ, ನಿಮ್ಮಪ್ಪ ಮಾತ್ರೆ ತಗೊಂಡ್ರಾ" ಎಂದು ನೀನು ಮಾತನ್ನು ಬೇರೆ ದಾರಿಗೆ ಹೊರಳಿಸಿಬಿಡುತ್ತೀ. ಕಾಗದದ ಮುಂದೆ ಆ ಉಪಾಯ ನಡೆಯುವುದಿಲ್ಲ. ಕೊನೆಯಲ್ಲಿ ನಿನ್ನಿಂದ ಒಂದು ಉತ್ತರ ಬೇಕಾಗಿದೆ. ಅದು ಸೋಮವಾರದೊಳಗೆ ಬೇಕಾಗಿದೆ, ಫೋನಿನಲ್ಲಾದರೂ ಸರಿ.

ಕಾಲೇಜಿನ ವಾರ್ಷಿಕ ಸಂಗೀತ ಸಂಜೆ ಇದೇ ತಿಂಗಳ ಇಪ್ಪತ್ತೆಂಟರಂದು ಎಂಬುದು ನಿನಗೆ ತಿಳಿದಿದೆ. ಏಳು ನಿಮಿಷ ಒಬ್ಬಳೇ ನುಡಿಸುವ ಅವಕಾಶ ನನಗೆ ದೊರೆತಿದೆ ಎಂಬುದನ್ನೂ ಹೇಳಿದ್ದೇನೆ, ಬಹುಶಃ ನಾಲ್ಕು ಬಾರಿ. ಹೇಳದೆ ಉಳಿಸಿಕೊಂಡ ವಿಷಯ ಒಂದಿತ್ತು. ಬೀರುವಿನ ಮೇಲೆ ಪೆಟ್ಟಿಗೆಯಲ್ಲಿ ಮಲಗಿರುವ ಅಪ್ಪನ ಹಳೆಯ ಗಿಟಾರಿಗೆ ಹೊಸ ತಂತಿ ಕಟ್ಟಿ, ಅದನ್ನೇ ವೇದಿಕೆಯಲ್ಲಿ ನುಡಿಸಿ, ನಿಮ್ಮಿಬ್ಬರನ್ನೂ ಬೆರಗುಗೊಳಿಸಬೇಕೆಂದು ನಾನು ನಿಶ್ಚಯಿಸಿದ್ದೆ. ಮೂವತ್ತು ವರ್ಷದ ವಾದ್ಯ, ನನ್ನ ತಂದೆಯದು ಎಂದು ಕಾಲೇಜಿನಲ್ಲೆಲ್ಲ ಡಂಗುರ ಹೊಡೆದೂ ಆಗಿತ್ತು.

ಕಳೆದ ಶನಿವಾರ ಅದನ್ನು ಕೆಳಗಿಳಿಸಿದೆ. ಪೆಟ್ಟಿಗೆಯ ಮುಚ್ಚಳ ತೆರೆದಾಗ ಬಂದ ವಾಸನೆಯನ್ನು ಹೇಗೆ ವರ್ಣಿಸಲಿ? ಹಳೆಯ ಮರ, ಹಳೆಯ ಮಕಮಲ್ಲು, ಅವುಗಳ ನಡುವೆ ಸ್ವಲ್ಪ ಸೋಪು. ಮೇಲಿನ ಹಲಗೆ ಜೇನಿನ ಬಣ್ಣಕ್ಕೆ ತಿರುಗಿತ್ತು. ಒಂದು ತಂತಿ ತುಂಡಾಗಿ ಸುರುಳಿ ಸುತ್ತಿಕೊಂಡಿತ್ತು. ಮೇಜಿನ ಮೇಲೆ ದಪ್ಪ ಕಂಬಳಿ ಹಾಸಿ, ಗಿಟಾರಿನ ಕುತ್ತಿಗೆಯ ಕೆಳಗೆ ಟವೆಲ್ ಸುತ್ತಿಟ್ಟು, ಶಸ್ತ್ರಚಿಕಿತ್ಸೆಗೆ ನಿಂತವಳಂತೆ ನಿಂತೆ. ಅಪ್ಪ ಕಣ್ಣಿಗೆ ಗಡಿಯಾರದ ಮಸೂರ ಸಿಕ್ಕಿಸಿಕೊಂಡೇ ಅಂಗಡಿಯಿಂದ ಮನೆಗೆ ಬಂದು ಪಕ್ಕದಲ್ಲಿ ನಿಂತರು. "ಬಿಚ್ಚೋ ಮುಂಚೆ ಹೇಗಿತ್ತೋ ಹಾಗೆ ಒಂದು ಚಿತ್ರ ಬರ್ಕೋ ಪುಟ್ಟಿ. ನಾವು ಗಡಿಯಾರ ಬಿಚ್ಚೋವಾಗ ಹಾಗೇ ಮಾಡೋದು" ಎಂದರು. ನಾನು ವಾದ್ಯವನ್ನು ತೊಡೆಯ ಮೇಲಿಟ್ಟು ನೋಡಿದೆ. ದಪ್ಪ ತಂತಿ ಮೇಲ್ಗಡೆ, ನನ್ನ ಮುಖದ ಕಡೆಗೆ ಇರಬೇಕು. ಅದು ನೆಲದ ಕಡೆಗಿತ್ತು. ಆರಕ್ಕೆ ಆರೂ ತಲೆಕೆಳಗು. ಚಿತ್ರ ಬರೆದುಕೊಳ್ಳುವ ಅಗತ್ಯವಿಲ್ಲ, ಇದನ್ನು ಕಟ್ಟಿದವರು ಯಾರೋ ಶುದ್ಧ ಪೆದ್ದರು, ನಾನು ಸರಿಪಡಿಸುತ್ತೇನೆ ಎಂದೆ.

"ಪೆದ್ದರು ಅಂತೀಯಾ?" ಎಂದರು ಅಪ್ಪ. ಆಮೇಲೆ ನಗಲಾರಂಭಿಸಿದರು ನೋಡು, ಮಸೂರ ಕಣ್ಣಿನಿಂದ ಜಾರಿ ಕಂಬಳಿಯ ಮೇಲೆ ಬಿತ್ತು. ಏಕೆಂದು ಕೇಳಿದರೆ, "ಏನಿಲ್ಲ, ನೀನು ತಿದ್ದಮ್ಮ, ನೀನು ಫಸ್ಟ್ ರ‍್ಯಾಂಕು" ಎನ್ನುತ್ತ ಅಂಗಡಿಗೆ ಹೊರಟುಹೋದರು.

ಅಮ್ಮಾ, ಆ ಮಧ್ಯಾಹ್ನದ ಸಂತೋಷ ಮಾತ್ರ ನಿಜವಾದದ್ದು. ನೈಲಾನ್ ತಂತಿಯನ್ನು ವಾದ್ಯದ ಕೆಳತುದಿಯಲ್ಲಿ ತಂತಿ ಕಟ್ಟುವ ಮರದ ಕುದುರೆಯ ರಂಧ್ರದಲ್ಲಿ ತೂರಿಸಿ, ಹಿಂದಕ್ಕೆ ತಂದು, ಅದರ ಅಡಿಯಲ್ಲೇ ನುಸುಳಿಸಿ ಗಂಟು ಬಿಗಿಯುವುದು. ಮೇಲ್ತುದಿಯಲ್ಲಿ ಬಿರಡೆ ತಿರುಗಿಸಿದಂತೆ ಸತ್ತ ದಾರದಂತಿದ್ದದ್ದು ಮೆಲ್ಲಗೆ ಗೊಣಗಿ, ಕೊನೆಗೆ ಸ್ವರವಾಗಿ ನಿಲ್ಲುವುದು. ತಂತಿಯ ಕಂಪನದ ಪ್ರಶ್ನೆಗೆ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆದವಳು ನಾನು. ಆದರೆ ಆ ಸಮೀಕರಣ ಬೆರಳ ತುದಿಯಲ್ಲಿ ನಡುಗಿದ್ದನ್ನು ನಾನು ಅನುಭವಿಸಿದ್ದು ಅಂದೇ ಮೊದಲು. ಹೊಸ ತಂತಿ ಮಗುವಿನಂತೆ, ಕೂರಿಸಿದಲ್ಲಿ ಕೂರುವುದಿಲ್ಲ. ಶ್ರುತಿ ಮಾಡಿ ನೀರು ಕುಡಿದು ಬರುವಷ್ಟರಲ್ಲಿ ಇಳಿದಿರುತ್ತದೆ. ಭಾನುವಾರವಿಡೀ ನಾನು ಮತ್ತೆ ಮತ್ತೆ ಏರಿಸಿದೆ.

ಒಂದು ತಪ್ಪೊಪ್ಪಿಗೆಯನ್ನು ಇಲ್ಲಿಯೇ ಮುಗಿಸುತ್ತೇನೆ. ಎಲ್ಲಕ್ಕಿಂತ ಸಣ್ಣ ತಂತಿಯ ಗಂಟು ಮೊದಲ ಸಲ ಜಾರಿ, ಚಾಟಿಯಂತೆ ಬೀಸಿ, ಮೇಲಿನ ಹಲಗೆಗೆ ಎಳ್ಳುಕಾಳಿನಷ್ಟು ಕುಳಿ ಬಿತ್ತು. ಮೇಣ ಸವರಿ ಮರೆಮಾಡಲು ನೋಡಿದೆ. ಮರೆಯಾಗಲಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಬೇರೆಯೇ ಇತ್ತು. ವಾದ್ಯ ಕೈಗೆ ಬಗ್ಗಲಿಲ್ಲ. ಸಣ್ಣ ತಂತಿ ಜೇನ್ನೊಣದಂತೆ ಜುಂಯ್ಗುಡುತ್ತಿತ್ತು. ದಪ್ಪ ತಂತಿ ಕುತ್ತಿಗೆಯ ಮೇಲಿನ ಲೋಹದ ಮೆಟ್ಟುಗಳಿಂದ ಎಷ್ಟು ಮೇಲೆ ನಿಂತಿತ್ತೆಂದರೆ ಒತ್ತಿ ಒತ್ತಿ ಬೆರಳು ಕೆಂಪಾಯಿತು. ಎರಡು ದಿನ ಕಾಗದದ ಚೂರು ಮಡಿಸಿ ಅಡಿಗಿಟ್ಟು ನೋಡಿದೆ. ದೋಷ ವಾದ್ಯದ್ದೇ ಎಂದು ತೀರ್ಮಾನಿಸಿ, ಮಂಗಳವಾರ ಅದನ್ನು ಹೊತ್ತುಕೊಂಡು ಅಂಟಜ್ಜನ ಅಂಗಡಿಗೆ ಹೋದೆ. ಸೈಕಲ್ ಅಂಗಡಿಯ ಹಿಂದಿನ ಓಣಿಯಲ್ಲಿ ವಾದ್ಯ ರಿಪೇರಿ ಮಾಡುವ ಮುದುಕರು ನಿನಗೆ ನೆನಪಿರಬೇಕು; ಬೆರಳಿನ ಅಂಟು ಆರಿದ್ದನ್ನು ಯಾರೂ ಕಂಡಿಲ್ಲ.

ಅವರು ಒಮ್ಮೆ ಮೀಟಿದರು, ನನ್ನ ಮುಖ ನೋಡಿದರು. "ಯಾರು ತಾಯಿ ತಂತಿ ಕಟ್ಟಿದ್ದು?"

ನಾನೇ ಎಂದೆ.

"ಏನು ಓದ್ತಾ ಇದೀಯ?"

ಭೌತಶಾಸ್ತ್ರ, ತರಗತಿಗೇ ಮೊದಲಿಗಳು ಎಂದೆ.

"ಹಾಗಾದ್ರೆ ಸರಿ" ಎಂದರು, ಕಾಯಿಲೆಯ ಹೆಸರು ಸಿಕ್ಕ ವೈದ್ಯರಂತೆ. ಆಮೇಲೆ ಕುತ್ತಿಗೆಯ ತುದಿಯಲ್ಲಿ ತಂತಿಗಳು ಹಾದುಹೋಗುವ ಎಲುಬಿನ ಪಟ್ಟಿಯ ಮೇಲೆ ನನ್ನ ಉಗುರನ್ನು ಎಳೆಸಿದರು. ಪ್ರತಿ ತಂತಿಗೂ ಅಲ್ಲಿ ಅದರ ಗಾತ್ರದ ಒಂದೊಂದು ಕೊರೆದ ಗೆರೆ. ಅಗಲವಾದ ಗೆರೆಯಲ್ಲಿ ನಾನು ಸಣ್ಣ ತಂತಿ ಕೂರಿಸಿದ್ದೆ. ಸಣ್ಣ ಗೆರೆಯ ಮೇಲೆ ದಪ್ಪ ತಂತಿಯನ್ನು ಹತ್ತಿಸಿದ್ದೆ. "ವಾದ್ಯದ್ದೇನೂ ತಪ್ಪಿಲ್ಲ. ನೀನು ಕುದುರೆ ಮೇಲೆ ಬಾಲದ ಕಡೆ ಮುಖ ಮಾಡಿ ಕೂತಿದೀಯ. ಇದು ಎಡಗೈಯವರ ಗಿಟಾರು. ನೋಡು, ಮೊಣಕೈ ತಾಗಿ ತಾಗಿ ಪಾಲಿಶ್ ಸವೆದಿರೋದೂ ಆ ಕಡೇನೇ."

ಅಪ್ಪ ಬಲಗೈಯವರಲ್ಲವೇ ಎಂದೆ.

"ಹಾಗಾದ್ರೆ ಇದು ನಿಮ್ಮಪ್ಪಂದಲ್ಲ. ಮನೆಗೆ ಹೋಗಿ ಹುಡುಕು."

ಆ ಕ್ಷಣದಲ್ಲೂ ನನಗೆ ಹೊಳೆಯಲಿಲ್ಲ, ಅಮ್ಮ. ಇಪ್ಪತ್ತು ವರ್ಷ ನೀನು ಎಡಗೈಯಲ್ಲಿ ಈರುಳ್ಳಿ ಹೆಚ್ಚುವುದನ್ನು, ಎಡಗೈಯಲ್ಲಿ ನನ್ನ ಜಡೆ ಹೆಣೆಯುವುದನ್ನು ನೋಡಿದವಳಿಗೆ ಹೊಳೆಯಲಿಲ್ಲ. ನನಗಿದ್ದದ್ದು ಇಪ್ಪತ್ತೆಂಟನೆಯ ತಾರೀಕಿನ ಚಿಂತೆ. ಪಟ್ಟಿ ಬದಲಿಸಿಕೊಡಿ ಎಂದೆ. ಒಂದು ಗಂಟೆಯ ಕೆಲಸ, ಆದರೆ ಹಳೆಯದು ತೆಗೆಯುವಾಗ ಮುರಿದರೆ ಮುರಿಯಿತು ಎಂದರು ಅವರು. ಆಗಲಿ ಎಂದೆ. ಹೌದು, ಆಗಲಿ ಎಂದೆ. ಅದನ್ನೂ ನಿನಗೆ ತಿಳಿಸಬೇಕು.

ಅವರು ತಂತಿ ಸಡಿಲಿಸಿ, ಮರದ ತುಂಡು ಆನಿಸಿ, ಪುಟ್ಟ ಸುತ್ತಿಗೆಯಿಂದ ಎರಡು ಸಲ ತಟ್ಟಿದರು. ಪಟ್ಟಿ ಮುರಿಯದೆ ಹಲ್ಲಿನಂತೆ ಕಳಚಿಕೊಂಡಿತು. ಬೋರಲಾಗಿ ಹಿಡಿದು, "ಇಲ್ಲೇನೋ ಗೀಚಿದಾರೆ" ಎಂದು ನನ್ನ ಅಂಗೈಗೆ ಹಾಕಿದರು. ಕೂದಲಿನಷ್ಟು ಸಣ್ಣ ಅಕ್ಷರ. ಮೊದಲು ಒಂದು ವೃತ್ತ, ಅದರೊಳಗೆ ಎರಡು ಮುಳ್ಳು. ಪಕ್ಕದಲ್ಲಿ ನಿಮ್ಮ ಮದುವೆಗೆ ಎಂಟು ತಿಂಗಳ ಹಿಂದಿನ ತಾರೀಕು. ಕೆಳಗೆ ಒಂದೇ ಪದ: ಎಡಗೈಗೆ.

ತಾವು ರಿಪೇರಿ ಮಾಡಿದ ಪ್ರತಿ ಗಡಿಯಾರದ ಹಿಂಬದಿಯ ಮುಚ್ಚಳದ ಒಳಗೆ ಅಪ್ಪ ಗೀಚುವ ಗುರುತು ಅದು. ಮುಂದೊಂದು ದಿನ ಅದನ್ನು ಬಿಚ್ಚುವವನಿಗೆ ಬಿಟ್ಟರೆ ಇನ್ಯಾರಿಗೂ ಅದು ಕಾಣುವುದಿಲ್ಲ.

ಅಂಟಜ್ಜ ಹೊಸ ಪಟ್ಟಿಗೆ ಎಲುಬು ಕತ್ತರಿಸಲು ಗರಗಸ ಎತ್ತಿಕೊಂಡಿದ್ದರು. ಬೇಡ ಎಂದೆ. ಹಳೆಯದನ್ನೇ ಇದ್ದಂತೆ ಅಂಟಿಸಿ, ತಂತಿಗಳನ್ನು ಮೊದಲಿದ್ದ ಕ್ರಮದಲ್ಲೇ ಕಟ್ಟಿಕೊಡಿ ಎಂದೆ. "ನಿನ್ನ ಕಾರ್ಯಕ್ರಮ?" ಎಂದರು. ಅಲ್ಲಿಂದ ಅಪ್ಪನ ಅಂಗಡಿಯವರೆಗೆ ನಾನು ನಡೆಯಲಿಲ್ಲ ಅಮ್ಮ, ಓಡಿದೆ.

ಅಪ್ಪ ನನ್ನ ಮುಖ ನೋಡಿದೊಡನೆ ಮಸೂರ ತೆಗೆದು ಮೇಜಿನ ಮೇಲಿಟ್ಟರು. "ಸಿಕ್ಕಿಬಿದ್ದೆ" ಎಂದರು. ನಿನ್ನ ಬಾಯಿಂದ ಹೊರಡದ ಕಥೆಯನ್ನು ಅವರೇ ಹೇಳಿದರು. ಎಡಗೈಗೆ ಹೊಂದಿಸಿಕೊಡುವವರು ಸಿಗದೆ ನೀನು, ಅಪ್ಪ ಆಗ ಕೆಲಸ ಕಲಿಯುತ್ತಿದ್ದ ಅವರ ಗುರುಗಳ ಗಡಿಯಾರದ ಅಂಗಡಿಗೆ ಬಂದದ್ದು. "ಇಷ್ಟು ಸಣ್ಣ ಚಕ್ರ ಕೂರಿಸ್ತೀರಿ, ಆರು ಗೆರೆ ಕೊರೆಯೋಕೆ ಆಗಲ್ವಾ?" ಎಂದು ಜಗಳಕ್ಕೆ ನಿಂತದ್ದು. ಒಂದು ದಿನದ ಕೆಲಸಕ್ಕೆ ಅವರು ಹನ್ನೊಂದು ದಿನ ತೆಗೆದುಕೊಂಡದ್ದು. "ದಿನಾ ಬಂದು ಆಯ್ತಾ ಅಂತ ಕೇಳ್ತಿದ್ಲು. ಆಯ್ತು ಅಂದುಬಿಟ್ರೆ ಆಮೇಲೆ ಬರ್ತಾಳಾ?" ಎಂದು ಅಪ್ಪ ನಾಚಿಕೊಂಡದ್ದನ್ನು ನೀನು ನೋಡಬೇಕಿತ್ತು.

ಮುಂದಿನದನ್ನು ಹೇಳುವಾಗ ಮಾತ್ರ ಅವರು ನಗಲಿಲ್ಲ. ನಿನ್ನ ಕಾಲೇಜಿನಲ್ಲಿ ಹತ್ತು ಗಿಟಾರುಗಳ ಸಾಲು. ಒಂಬತ್ತು ಕುತ್ತಿಗೆಗಳು ಒಂದೇ ಕಡೆಗೆ. ನಿನ್ನದೊಂದು ಎದುರು ದಿಕ್ಕಿಗೆ ಹೋಗಿ ಪಕ್ಕದವಳ ಗಿಟಾರಿನ ಕುತ್ತಿಗೆಗೆ ತಾಗುತ್ತಿತ್ತು. ಎಡಗೈಯವರಿಗೆ ಆಗುವ ಕೆಲಸ ಇದಲ್ಲ ಎಂದು ಹೇಳಿ, ಮೇಷ್ಟ್ರು ನಿನ್ನನ್ನು ಎಬ್ಬಿಸಿ ಸಭಿಕರ ನಡುವೆ ಕೂರಿಸಿದರಂತೆ.

ಆ ಮಾತು ನನಗೆ ಮೊದಲೇ ಗೊತ್ತಿತ್ತು. ಹನ್ನೊಂದನೆಯ ವಯಸ್ಸಿನಲ್ಲಿ, ಗಿಟಾರಿಗೆ ನನಗೆ ಮೊದಲ ಬಹುಮಾನ ಬಂದ ದಿನ, ಗೆಳತಿಯರ ಎದುರಿಗೆ ನೀನು ನನ್ನ ಕೈ ಮುಟ್ಟಿ, ಹೆಬ್ಬೆರಳು ಸ್ವಲ್ಪ ಸಡಿಲ ಬಿಡು ಎಂದೆ. ನಿನಗೇನು ಗೊತ್ತು, ನೀನು ಎಡಗೈಯವಳು, ಇದೆಲ್ಲ ನಿನ್ನ ಕೈಗೆ ಆಗುವ ಕೆಲಸವಲ್ಲ ಎಂದವಳು ನಾನು. ನೀನು ನಕ್ಕೆ. ಅಂದು ಸಂಜೆ, ಬೀರುವಿನ ಮೇಲಿನ ಪೆಟ್ಟಿಗೆ ಯಾರದು ಎಂದು ನಾನು ಮೊದಲ ಬಾರಿ ಕೇಳಿದಾಗ, ನೀನು "ನಿಮ್ಮಪ್ಪಂದು" ಎಂದೆ. ಅಪ್ಪನಿಂದಲೂ ಹಾಗೆಯೇ ಹೇಳಿಸಿದೆ.

ಕ್ಷಮೆ ಎಂಬ ಪದವನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆಯುತ್ತಿದ್ದೇನೆ. ಜೀವನದಲ್ಲಿ ನನಗೆ ಅಭ್ಯಾಸವಿಲ್ಲದ ಪದ ಅದು. ಅಕ್ಷರ ಸೊಟ್ಟಗಿದ್ದರೆ ಮನ್ನಿಸು. ಕ್ಷಮಿಸು ಅಮ್ಮ.

ಈಗ ಸಂತೋಷದ ವಿಷಯ. ನಿನ್ನೆ ನಮ್ಮ ಸಂಗೀತದ ಮೇಡಂ ಬಳಿಗೆ ಹೋಗಿ, ನನ್ನ ಏಳು ನಿಮಿಷದಲ್ಲಿ ನಾನೂ ಅಮ್ಮನೂ ನುಡಿಸುತ್ತೇವೆ, ಅಮ್ಮ ಎಡಗೈಯವರು ಎಂದೆ. "ಕುತ್ತಿಗೆ ಕುತ್ತಿಗೆ ತಾಗಲ್ವೇನೇ?" ಎಂದರು ಅವರೂ. ನಾನು ಕರಿಹಲಗೆಯ ಮೇಲೆ ಚಿತ್ರ ಬರೆದೆ. ನೀನೂ ನೋಡು: ನೀನು ನನ್ನ ಬಲಕ್ಕೆ ಕೂರಬೇಕು. ಆಗ ನನ್ನ ಗಿಟಾರಿನ ಕುತ್ತಿಗೆ ನನ್ನ ಎಡಕ್ಕೆ, ನಿನ್ನದು ನಿನ್ನ ಬಲಕ್ಕೆ, ಹಕ್ಕಿಯ ಎರಡು ರೆಕ್ಕೆಗಳಂತೆ ಹೊರಗಡೆಗೆ ಚಾಚಿಕೊಳ್ಳುತ್ತವೆ. ನಡುವೆ ಅಡ್ಡ ಬರುವುದು ಏನೂ ಇಲ್ಲ. ಬಲಗೈಯವರು ಇಬ್ಬರು ಕೂತರೆ ಇಷ್ಟು ಹತ್ತಿರ ಕೂರಲು ಸಾಧ್ಯವೇ ಇಲ್ಲ. ನಿನ್ನ ಮೇಷ್ಟ್ರು ನಿನ್ನನ್ನು ಎಬ್ಬಿಸುವ ಬದಲು ಸಾಲಿನ ಬಲತುದಿಯ ಕುರ್ಚಿಗೆ ಕಳುಹಿಸಿದ್ದರೆ ಸಾಕಾಗಿತ್ತು. ಮೇಡಂ ಚಿತ್ರವನ್ನು ಬಹಳ ಹೊತ್ತು ನೋಡಿ, "ನಿಮ್ಮಮ್ಮ ಒಪ್ಪಿದಾರಾ?" ಎಂದರು.

ಅದೇ ನನ್ನ ಪ್ರಶ್ನೆ. ಕಾರ್ಯಕ್ರಮದ ಪಟ್ಟಿ ಸೋಮವಾರ ಸಂಜೆ ಅಚ್ಚಿಗೆ ಹೋಗುತ್ತದೆ. ನಾನು ಕಾಲೇಜಿನ ಗಿಟಾರಿನಲ್ಲಿ ನುಡಿಸುತ್ತೇನೆ. ನಿನ್ನದು ಅಂಟಜ್ಜನ ಕೈಯಿಂದ ಮರಳಿ ಬಂದು, ಈಗ ನನ್ನೆದುರು ಇದೇ ಕಂಬಳಿಯ ಮೇಲಿದೆ. ಬೆಳಿಗ್ಗೆ ಸಂಜೆ ಶ್ರುತಿ ಏರಿಸುತ್ತಿದ್ದೇನೆ. ನೀನು ಬರುವಷ್ಟರಲ್ಲಿ ತಂತಿಗಳು ಹಟ ಬಿಟ್ಟು ಕೂತಿರುತ್ತವೆ. ಯಾವ ತುಣುಕು ಎಂಬುದನ್ನು ನೀನೇ ಆರಿಸು. ಹೆಬ್ಬೆರಳು ಎಷ್ಟು ಸಡಿಲ ಬಿಡಬೇಕೆಂದು ಹೇಳಿಕೊಡು. ಈ ಬಾರಿ ಕೇಳುತ್ತೇನೆ. ನಾಲ್ಕು ದಿನದ ರಜೆ ಬರೆದುಕೊಟ್ಟು ಬಾ.

ನಿನ್ನ ಎಡಕ್ಕೆ ಕೂರಲು ಕಾದಿರುವ,
ನಿನ್ನ ಮಗಳು

ಮರೆತ ಮಾತು: ಬೆರಳುಗಳು ಎಲ್ಲ ಮರೆತಿವೆ ಎಂದು ಉತ್ತರ ಬರೆಯಬೇಡ. ನಾನು ಬಿಚ್ಚಿ ಪೆಟ್ಟಿಗೆಯಲ್ಲೇ ಇಟ್ಟಿದ್ದ ಹಳೆಯ ತಂತಿಗಳನ್ನು ಅಂಟಜ್ಜ ಬೆಳಕಿಗೆ ಹಿಡಿದು ನೋಡಿ, "ಇವಕ್ಕೆ ಎರಡು ವರ್ಷದ ಮೇಲೆ ಆಗಿಲ್ಲ. ಚೆನ್ನಾಗಿ ನುಡಿಸಿದಾರೆ, ಮೆಟ್ಟು ತಾಗಿರೋ ಕಡೆಯೆಲ್ಲ ಸವೆದಿದೆ" ಎಂದರು. ಎರಡು ವರ್ಷದ ಹಿಂದೆ ನಿನಗಿನ್ನೂ ವರ್ಗವಾಗಿರಲಿಲ್ಲ; ನಿನ್ನ ವಾರದ ರಜೆ ಮಂಗಳವಾರ; ಮಂಗಳವಾರ ನಾನು ಕಾಲೇಜಿನಲ್ಲಿ, ಅಪ್ಪ ಅಂಗಡಿಯಲ್ಲಿ. ಪೆಟ್ಟಿಗೆಯೊಳಗಿನ ಸೋಪಿನ ವಾಸನೆ ಯಾವುದೆಂದು ನಿನ್ನೆ ನೆನಪಾಯಿತು. ಪ್ರಯೋಗಾಲಯದಿಂದ ಬಂದು ನೀನು ಕೈ ತೊಳೆಯುವ ಸೋಪು.