ಎರಡು ಎಲೆಕ್ಟ್ರಾನ್ ಕೊಸರು

ವಿನೋಬನಗರ, ದಾವಣಗೆರೆ
28 ನವೆಂಬರ್ 2024, ಗುರುವಾರ

ನುಜತ್‌ಗೆ ಆಶಾರಾಣಿಯ ಸಲಾಮು ಮತ್ತು ಶರಣು. ಎರಡನ್ನೂ ವಾಪಸು ಕಳಿಸಿದರೂ ಬೇಜಾರು ಮಾಡಿಕೊಳ್ಳುವ ಹಕ್ಕು ಈ ಸಲ ನನಗಿಲ್ಲ.

ಕೈಯಲ್ಲಿ ಫೋನು, ಹರಿಹರಕ್ಕೆ ಹೊತ್ತುಹೊತ್ತಿಗೆ ಬಸ್ಸು, ಹೀಗಿದ್ದೂ ಇವಳೇಕೆ ಕಾಗದ ಬರೆಯುತ್ತಾಳೆ ಅನ್ನಿಸಬಹುದು. ಫೋನಿನಲ್ಲಿ ನಾನು ಗೆದ್ದುಬಿಡುತ್ತೇನೆ, ನುಜತ್. ಮೊದಲೆರಡು ಮಾತು ತಪ್ಪಾಯಿತು ಅಂತ ಶುರುವಾಗುತ್ತದೆ, ಮೂರನೆಯದಕ್ಕೆ ನೀನು ನಗುತ್ತೀಯ, ಐದನೆಯದು ಬರುವಷ್ಟರಲ್ಲಿ ತಪ್ಪು ಯಾರದೆಂದು ಇಬ್ಬರಿಗೂ ಮರೆತುಹೋಗಿರುತ್ತದೆ. ಹತ್ತು ವರ್ಷ ಕೌಂಟರಿನ ಹಿಂದೆ ನಿಂತು ಕಲಿತ ವಿದ್ಯೆ ಅದೊಂದೇ. ಕಾಗದದಲ್ಲಿ ಎದುರಿನವರ ಮುಖ ಕಾಣುವುದಿಲ್ಲ. ಯಾವ ಮಾತಿಗೆ ಕರಗುತ್ತಾರೆ ಎಂದು ನೋಡಿಕೊಂಡು ಮಾತು ತಿರುಗಿಸಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಸೋಮವಾರದ ಮೆಸೇಜನ್ನು ಹನ್ನೊಂದು ಸಲ ಓದಿದೆ. ಅದರ ವಿಷಯಕ್ಕೆ ಬರುವ ಮುಂಚೆ ಹದಿನಾರನೇ ತಾರೀಖು ಶನಿವಾರ ವಿಜ್ಞಾನ ಪ್ರದರ್ಶನದಲ್ಲಿ ಏನಾಯಿತು ಎನ್ನುವುದನ್ನು ನನ್ನ ಕೈಯಾರೆ ಬರೆಯಬೇಕು. ನೀನೂ ಅಲ್ಲೇ ಇದ್ದೆ, ನಿನ್ನ ಶಾಲೆಯ ಮಕ್ಕಳ ಜೊತೆ ನಾಲ್ಕನೇ ಸಾಲಿನಲ್ಲಿ. ನಾನು ತೀರ್ಪುಗಾರರ ಕುರ್ಚಿಯಲ್ಲಿದ್ದೆ. ಅಲ್ಲಿಂದ ಕಂಡದ್ದು ನಿನಗೆ ಗೊತ್ತಿಲ್ಲ.

ನನ್ನ ಅಂಗಡಿ ನಿನಗೆ ಗೊತ್ತು. ಹೊರಗೆ ಝೆರಾಕ್ಸ್, ಲ್ಯಾಮಿನೇಷನ್. ಒಳಗೆ ಥರ್ಮಾಕೋಲು, ಬಣ್ಣ, ಬಿಸಿ ಅಂಟಿನ ಗನ್ನು. ಜ್ವಾಲಾಮುಖಿ, ಮಳೆನೀರು ಕೊಯ್ಲು, ಮನುಷ್ಯನ ಹೃದಯ, ಪರಮಾಣು, ಶಾಲೆಯವರು ಮಕ್ಕಳಿಗೆ ಏನು ಮಾಡಿಕೊಂಡು ಬಾ ಅನ್ನುತ್ತಾರೋ ಅದನ್ನೆಲ್ಲ ಮಾಡಿಕೊಡುತ್ತೇನೆ. ಅಪ್ಪ ಅಮ್ಮ ಬಂದು ಒಯ್ಯುತ್ತಾರೆ. ಮಗು ಮಾಡಿದ್ದು ಅಂತ ಕಾಣಬೇಕಲ್ಲ, ಅದಕ್ಕೆ ಕೆಲವರು "ಮೇಡಂ, ಸ್ವಲ್ಪ ಸೊಟ್ಟ ಮಾಡ್ರಿ" ಅನ್ನುತ್ತಾರೆ. ಸೊಟ್ಟ ಮಾಡುವುದಕ್ಕೆ ಐವತ್ತು ರೂಪಾಯಿ ಹೆಚ್ಚು ತಗೊಳ್ಳುತ್ತೇನೆ, ಯಾಕೆಂದರೆ ನೆಟ್ಟಗೆ ಮಾಡುವ ಕೈಗೆ ಸೊಟ್ಟ ಮಾಡುವುದು ಕಷ್ಟ. ಇಷ್ಟು ದಿನ ಇದನ್ನು ಎಲ್ಲರ ಮುಂದೆ ನಗುತ್ತಾ ಹೇಳುತ್ತಿದ್ದೆ. ಈಗ ಬರೆದು ನೋಡಿದರೆ ನಗು ಬರುತ್ತಿಲ್ಲ.

ನಿಟ್ಟುವಳ್ಳಿಯ ನಾಗಭೂಷಣ್ ಎನ್ನುವವರು ತಮ್ಮ ಮಗನಿಗೆಂದು ಕಾರ್ಬನ್ ಪರಮಾಣು ಬೇಕು ಅಂದರು. ಲೈಟು ಹತ್ತಬೇಕು ಅಂದರು. ನಡುವೆ ಆರು ಕೆಂಪು, ಆರು ಕಪ್ಪು ಗುಂಡು ಅಂಟಿಸಿದೆ. ಸುತ್ತ ತಂತಿಯ ಎರಡು ಬಳೆ. ಎಲೆಕ್ಟ್ರಾನಿಗೆ ಬ್ಯಾಟರಿಯ ದೀಪದ ಸರ. ಆ ಸರದಲ್ಲಿ ಎಂಟು ದೀಪ ಬರುತ್ತವೆ. ಒಳಗಿನ ಬಳೆಗೆ ನಾಲ್ಕು, ಹೊರಗಿನ ಬಳೆಗೆ ನಾಲ್ಕು ಕಟ್ಟಿದೆ. ಸಮಸಮ ಇದ್ದರೆ ಚೆಂದ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಮೂವತ್ತೆಂಟು ತಗೊಂಡು ದಡ ಸೇರಿದವಳು ನಾನು. ಆ ಮೂವತ್ತೆಂಟರಲ್ಲಿ ಪರಮಾಣುವಿನ ಪಾಲು ಎಷ್ಟಿದ್ದೀತು? ಎಷ್ಟು ದೀಪ ಎಲ್ಲಿರಬೇಕು ಎಂದು ನನಗೆ ಹೇಗೆ ಗೊತ್ತಾಗಬೇಕು, ಹೇಳು.

ಪ್ರದರ್ಶನ ನಡೆಸಿದ್ದು ನಮ್ಮ ಮಹಿಳಾ ವರ್ತಕರ ಬಳಗ. ತೀರ್ಪು ಕೊಡುವವರು ಮೂರು ಜನ. ಅಧ್ಯಕ್ಷೆ ದ್ರಾಕ್ಷಾಯಣಮ್ಮ, ಅವರದು ಸೀರೆ ಅಂಗಡಿ. ನಿವೃತ್ತ ಡ್ರಾಯಿಂಗ್ ಮಾಸ್ತರು ಬಕ್ಕೇಶಪ್ಪ. ಮೂರನೆಯವಳು ನಾನು, ಬಹುಮಾನದ ಖರ್ಚು ಹೊತ್ತವಳು. ವಿಜ್ಞಾನ ಓದಿದ ಒಂದು ನರಪಿಳ್ಳೆಯೂ ಇರಲಿಲ್ಲ. ನಾನು ಮಾಡಿದ ಕಾರ್ಬನ್ ನನ್ನ ಮುಂದೆಯೇ ಬಂದು ಮಿನುಗುತ್ತಾ ನಿಂತಿತು. ಎದ್ದು ಹೊರಗೆ ಹೋಗಬೇಕಿತ್ತು. ಹೋಗಲಿಲ್ಲ. ಇಪ್ಪತ್ತಕ್ಕೆ ಹತ್ತೊಂಬತ್ತು ಹಾಕಿದೆ. ಬಕ್ಕೇಶಪ್ಪ ಮಾಸ್ತರು ಬಳೆಯ ದುಂಡು ನೋಡಿ ಇಪ್ಪತ್ತೂ ಕೊಟ್ಟರು.

ನಿನ್ನ ಶಾಲೆಯ ಕೃತಿಕಾಳ ಮೇಜಿಗೆ ನಾನು ಹಾಕಿದ್ದು ನಾಲ್ಕು. ಕೊಂಡಜ್ಜಿ ಹಳ್ಳಿಯಿಂದ ಆ ಹುಡುಗಿ ತಂದಿದ್ದೇನು? ಬಿಳಿ ತಟ್ಟೆಯಲ್ಲಿ ಒಂದು ಸಾಸಿವೆ ಕಾಳು, ಪಕ್ಕದಲ್ಲಿ ಒಂದು ಉಂಡೆ ಸಣಬಿನ ದಾರ. "ಇದು ಹೈಡ್ರೋಜನ್ನಿನ ನಡುವಿನ ಬೀಜ ಅಂದ್ಕೊಳ್ರಿ ಮೇಡಂ. ಈ ದಾರ ಹಿಡಕೊಂಡು ಗೇಟಿನ ತನಕ ನಡದ್ರೆ ಅಲ್ಲಿ ಸಿಗತೈತ್ರಿ ಎಲೆಕ್ಟ್ರಾನು. ನಡುವೆ ಏನೂ ಇಲ್ಲ, ಎಲ್ಲಾ ಖಾಲಿ" ಅಂದಳು. ದಾರ ಹಿಡಿದು ಯಾರೂ ನಡೆಯಲಿಲ್ಲ. ನನ್ನ ಹಾಳೆಯಲ್ಲಿ ಷರಾ ಬರೆದೆ, "ಮೇಜು ಖಾಲಿ ಕಾಣುತ್ತದೆ". ಖಾಲಿ ಇರುವುದನ್ನು ತೋರಿಸಲೆಂದೇ ಅವಳು ಬಂದಿದ್ದಳು ಎನ್ನುವುದು ನನಗೆ ತಿಳಿದದ್ದು ಎಂಟು ದಿನದ ಮೇಲೆ, ಅದೂ ಒಲೆಯ ಮುಂದೆ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದಾಗ.

ಆಮೇಲಿನದು ನೀನು ಕೇಳಿದ್ದೀಯ. ಕಾರ್ಬನ್‌ಗೆ ಮೊದಲ ಬಹುಮಾನ ಘೋಷಣೆ ಆಗಿತ್ತು. ಎಲ್ಲರೂ ಕಾರ್ಬನ್ ಸುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕೃತಿಕಾ ಬಂದು ದೀಪ ಒಂದೊಂದನ್ನೂ ಬೆರಳಿನಿಂದ ತೋರಿಸುತ್ತಾ ಎಣಿಸಿದಳು. ಎಣಿಸಿ ನನ್ನ ಕಡೆ ತಿರುಗಿ, "ಮೇಡಂ, ಕಾರ್ಬನ್‌ಗೆ ಆರು ಅಲ್ವೇನ್ರಿ? ಇದ್ರಾಗ ಎಂಟು ಅದಾವ್ರಿ" ಅಂದಳು. ಅಹಂಕಾರ ಇರಲಿಲ್ಲ ಆ ದನಿಯಲ್ಲಿ. ಲೆಕ್ಕ ತಪ್ಪಿದೆ ಎಂದು ಅಂಗಡಿಯವರಿಗೆ ತಿಳಿಸುವ ಗಿರಾಕಿಯ ದನಿ ಅಷ್ಟೆ.

ನಾನಂದೆ: "ಎರಡು ಜಾಸ್ತಿ ಇದ್ರೆ ನಿಂದೇನು ಹೋಗತೈತವ್ವಾ? ನಿಮ್ಮ ಹರಿಹರದ ಸಂತ್ಯಾಗ ಕೊಸರು ಹಾಕಲ್ಲೇನು? ದಾವಣಗೆರಿಯೋರ ಕೈ ದೊಡ್ಡದು, ನಾವು ಎಲೆಕ್ಟ್ರಾನ್‌ಗೂ ಕೊಸರು ಹಾಕ್ತೀವಿ. ನಿನ್ನಂಗ ಒಂದು ಕಾಳು ಸಾಸಿವಿ ಇಟ್ಕೊಂಡು ಒಗ್ಗರಣಿ ಹಾಕಾಕ ಬರಲ್ಲ."

ಹಾಲ್ ಪೂರ್ತಿ ನಕ್ಕಿತು. ದ್ರಾಕ್ಷಾಯಣಮ್ಮ ಕಣ್ಣೊರೆಸಿಕೊಂಡು ನಕ್ಕರು. ನಾಗಭೂಷಣ್ ಚಪ್ಪಾಳೆ ತಟ್ಟಿದರು. ಹುಡುಗಿ ಕೂಡ ಸ್ವಲ್ಪ ನಕ್ಕಳು, ನುಜತ್, ನೋಡಿದೆಯಾ? ದೊಡ್ಡವರು ನಗುವಾಗ ತಾನೂ ನಗದಿದ್ದರೆ ತಪ್ಪಾಗುತ್ತದೇನೋ ಎಂದು ನಕ್ಕ ನಗು ಅದು. ನೀನು ಎದ್ದು ಬಂದೆ, ನನ್ನನ್ನು ಒಂದು ಸಲ ನೋಡಿದೆ, "ನಡಿ ಕೃತಿಕಾ, ಬಸ್ಸಿಗೆ ಹೊತ್ತಾಗ್ತದೆ" ಅಂದೆ. ಇಪ್ಪತ್ತೆಂಟು ವರ್ಷದ ಗೆಳೆತನದಲ್ಲಿ ನೀನು ನನ್ನ ಜೊತೆ ಒಂದು ಮಾತೂ ಆಡದೆ ಹೋದದ್ದು ಅದೇ ಮೊದಲು. ನಾನು ಆವತ್ತು ಏನಂದುಕೊಂಡೆ ಗೊತ್ತೇ? ತನ್ನ ಶಾಲೆಗೆ ಬಹುಮಾನ ಬರಲಿಲ್ಲ ಎಂದು ಟೀಚರಮ್ಮನಿಗೆ ಸಿಟ್ಟು ಅಂದುಕೊಂಡೆ. ಹಾಗೆ ಅಂದುಕೊಂಡು ಆ ವಾರವೆಲ್ಲ ಕೊಸರಿನ ಜೋಕನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ಕಡಿಮೆಯೆಂದರೂ ಮೂವತ್ತು ಸಲ.

ಇನ್ನು ಸೋಮವಾರದ ಮೆಸೇಜು. ನೀನು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ನೀನು ಕಳಿಸಿದ್ದು ಕಿರುಪರೀಕ್ಷೆಯ ಒಂದು ಉತ್ತರಪತ್ರಿಕೆಯ ಫೋಟೋ. ಕಾರ್ಬನ್ ಪರಮಾಣುವಿನ ಚಿತ್ರ ಬಿಡಿಸಿ ಎಂಬ ಪ್ರಶ್ನೆಗೆ ಕೃತಿಕಾ ಎರಡು ವೃತ್ತ ಬರೆದು, ಒಳಗೆ ನಾಲ್ಕು, ಹೊರಗೆ ನಾಲ್ಕು ಚುಕ್ಕೆ ಇಟ್ಟಿದ್ದಳು. ನನ್ನ ಮಾಡೆಲ್ಲೇ, ಸಮಸಮ. ಕೆಳಗೆ ನೀನು ಬರೆದಿದ್ದೆ: "ಹೋದ ತಿಂಗಳು ಇದೇ ಹುಡುಗಿ ಒಳಗೆ ಎರಡು, ಹೊರಗೆ ನಾಲ್ಕು ಅಂತ ಬೋರ್ಡಿನ ಮೇಲೆ ಬರೆದು ಇಡೀ ಕ್ಲಾಸಿಗೆ ಹೇಳಿಕೊಟ್ಟಿದ್ದಳು. ಯಾಕೆ ಹೀಗೆ ಬರೆದೆ ಅಂತ ಕೇಳಿದೆ. ದಾವಣಗೆರ್ಯಾಗ ಬಹುಮಾನ ಕೊಟ್ಟಿದ್ದು ಎಂಟಕ್ಕ ಅಲ್ಲೇನ್ರಿ ಟೀಚರ್ ಅಂದಳು."

ಅಷ್ಟೇ. ಅದರ ಕೆಳಗೆ ನಿನ್ನ ಹೆಸರೂ ಇರಲಿಲ್ಲ.

ಆ ಹೊತ್ತಿಗೆ ಗಿರಾಕಿಯೊಬ್ಬರು ಆಧಾರ್ ಕಾರ್ಡಿನ ಝೆರಾಕ್ಸಿಗೆ ನಿಂತಿದ್ದರು. ಒಂದು ಕೇಳಿದ್ದಕ್ಕೆ ಹದಿನಾರು ಪ್ರತಿ ತೆಗೆದೆನಂತೆ. ನನಗೆ ನೆನಪಿಲ್ಲ.

ಮಂಗಳವಾರ ನಿಟ್ಟುವಳ್ಳಿಗೆ ಹೋದೆ. ನಾಗಭೂಷಣ್ ಅವರಿಗೆ ಮಾಡೆಲ್ ತಪ್ಪಾಗಿದೆ ಅಂದೆ. ಅವರು, "ತಪ್ಪಿದ್ರೆ ನೀವೇ ರಿಪೇರಿ ಮಾಡಿ ಕೊಡ್ರಿ ಮೇಡಂ, ನಿಮ್ಮ ಮಾಲಿಗೆ ವಾರಂಟಿ ಇಲ್ವೇನು? ಗೆದ್ದಿದ್ದು ಅಂತ ಚಿತ್ರದುರ್ಗದ ಪ್ರದರ್ಶನಕ್ಕೆ ಇದೇ ಹೋಗಬೇಕಲ್ಲ" ಅಂದರು. ಮಗನನ್ನು ಕರೆದು ಎಲೆಕ್ಟ್ರಾನ್ ಎಷ್ಟಪ್ಪಾ ಅಂತ ಕೇಳಿದೆ. "ಗೊತ್ತಿಲ್ಲ ಆಂಟಿ, ಅಪ್ಪ ತಂದಿದ್ದು" ಅಂದ ಪಾಪ, ಮನೆಯಲ್ಲಿ ಒಬ್ಬರಾದರೂ ನಿಜ ಹೇಳಿದರು. ನಾಗಭೂಷಣ್ ಹೇಳಿದ ದಾರಿ ನನಗೆ ಹಿಡಿಸಲಿಲ್ಲ ಎಂದರೆ ಸುಳ್ಳು. ಒಳಗಿನ ಬಳೆಯ ಎರಡು ದೀಪಕ್ಕೆ ಕರಿ ಟೇಪು ಸುತ್ತಿದರೆ ಎರಡು ನಿಮಿಷದ ಕೆಲಸ, ಕಾರ್ಬನ್ ಸರಿಯಾಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಅವರ ಗೇಟು ದಾಟುವವರೆಗೂ ಅದನ್ನೇ ತೂಗಿ ನೋಡಿದೆ. ಆಟೋದಲ್ಲಿ ಕೂತು ಮತ್ತೆ ಫೋನ್ ತೆರೆದರೆ ಆ ಎಂಟು ಚುಕ್ಕೆ. ನೀಲಿ ಪೆನ್ನಿನಲ್ಲಿ ಎಷ್ಟು ಒತ್ತಿ ಇಟ್ಟಿದ್ದಾಳೆಂದರೆ ಹಾಳೆ ಗುಳಿಬಿದ್ದದ್ದು ಫೋಟೋದಲ್ಲೂ ಕಾಣುತ್ತದೆ.

ನಿನ್ನೆ ದ್ರಾಕ್ಷಾಯಣಮ್ಮನವರ ಅಂಗಡಿಗೆ ಹೋಗಿ, ಮಾಡೆಲ್ ಮಾಡಿದವಳು ನಾನು, ಅಂಕ ಹಾಕಿದವಳೂ ನಾನು, ಲೆಕ್ಕವೂ ತಪ್ಪು ಎಂದು ಬರವಣಿಗೆಯಲ್ಲಿ ಕೊಟ್ಟೆ. ಅವರು ಓದಿ, ಮಡಿಸಿ, ಸೀರೆಯ ಗಂಟಿನ ಕೆಳಗೆ ತಳ್ಳಿದರು. "ಸರ್ಟಿಫಿಕೇಟ್ ಪ್ರಿಂಟ್ ಆಗ್ಯಾವೆ, ಪೇಪರ್‌ನಾಗ ಫೋಟೋ ಬಂದೈತೆ. ಎರಡು ಬಲ್ಬಿನ ಸಲುವಾಗಿ ಬಳಗದ ಮರ್ಯಾದಿ ತೆಗೀಬ್ಯಾಡ ಆಶಾ. ಆ ಹುಡುಗಿಗೆ ಒಂದು ಜಾಮೆಟ್ರಿ ಬಾಕ್ಸು ಕೊಟ್ಟು ಕಳಿಸಿದ್ರಾತು" ಅಂದರು. ಹಾಗಾದರೆ ಪೇಪರಿನವರಿಗೆ ನಾನೇ ಹೇಳುತ್ತೇನೆ ಅಂದೆ. ಒಂದು ಗಂಟೆ ಕೂರಿಸಿಕೊಂಡು ಬುದ್ಧಿ ಹೇಳಿದರು. ಕೊನೆಗೆ ಒಪ್ಪಿದರು. ಮೊದಲಿನ ತೀರ್ಪು ರದ್ದು. ಈ ಭಾನುವಾರ ಹನ್ನೊಂದು ಗಂಟೆಗೆ ಅದೇ ಹಾಲಿನಲ್ಲಿ ಇಬ್ಬರು ವಿಜ್ಞಾನದ ಮೇಷ್ಟ್ರುಗಳಿಂದ ಮತ್ತೆ ಪರೀಕ್ಷೆ. ನಾನು ಬಳಗದಿಂದ ಹೊರಗೆ. ನನ್ನ ಕಾಗದದ ನಕಲನ್ನು ಇದರ ಜೊತೆ ಇಟ್ಟಿದ್ದೇನೆ. ಅದರ ಮೇಲೆ ಅವರ ರುಜು ಇದೆ, ನೋಡು, ನಾಳೆ ಇಲ್ಲ ಅನ್ನಬಾರದಲ್ಲ.

ಆದರೆ ಕೃತಿಕಾ ಬರುತ್ತಾಳೆಯೇ? ಅದೇ ಹಾಲು, ಅದೇ ಜನ. ಎಂಟೇ ಸರಿ ಎಂದು ಒಪ್ಪಿಕೊಂಡು ಕೂತ ಹುಡುಗಿ ಮತ್ತೆ ಸಾಸಿವೆ ಕಟ್ಟಿಕೊಂಡು ಬಸ್ಸು ಹತ್ತಲು ಕಾರಣವೇನಿದೆ? ನೀನು ಹೇಳಿದರೆ ಬಂದಾಳು, ನಿನ್ನ ಮರ್ಯಾದೆಗೆ. ಅದು ಸಾಲದು. ಹಾಗೆ ಬಂದು ಮತ್ತೆ ನಗುವವರ ಜೊತೆ ನಕ್ಕು ಹೋದರೆ ನಾನು ಮಾಡಿದ್ದು ಎರಡು ಸಲ ಆಗುತ್ತದೆ.

ಅದಕ್ಕೆ ಒಂದು ಬೇಡಿಕೆ. ಶನಿವಾರ ಬೆಳಿಗ್ಗೆ ನಿನ್ನ ತರಗತಿಗೆ ಬರಲು ಬಿಡು. ಅವಳೊಬ್ಬಳನ್ನು ಮೂಲೆಗೆ ಕರೆದು ಸಾರಿ ಹೇಳುವುದು ಬೇಡ. ತುಂಬಿದ ಹಾಲಿನಲ್ಲಿ ನಗಿಸಿದವಳು ನಾನು, ತುಂಬಿದ ಕ್ಲಾಸಿನಲ್ಲೇ ಹೇಳಬೇಕು. ಅವಳ ಮುಂದೆ ನಿಂತು, ಒಳಗೆ ಎರಡು, ಹೊರಗೆ ನಾಲ್ಕು, ನೀನು ಹೇಳಿದ್ದು ಸರಿ, ನಾನು ಮಾಡಿದ್ದು ತಪ್ಪು ಎನ್ನುತ್ತೇನೆ. ಜೋಕು ಮಾಡುವುದಿಲ್ಲ. ಮಾಡಿದರೆ ಅಲ್ಲೇ ಕಿವಿ ಹಿಂಡು, ಮಕ್ಕಳಿಗೂ ಖುಷಿಯಾಗಲಿ. ಆಮೇಲೆ ಅವಳು ಒಪ್ಪಿದರೆ, ಆ ದಾರದ ತುದಿ ಹಿಡಿದು ನಿಮ್ಮ ಶಾಲೆಯ ಗೇಟಿನವರೆಗೆ ನಡೆಯುತ್ತೇನೆ. ಭಾನುವಾರ ಬರುವುದು ಬಿಡುವುದು ಅವಳ ಇಷ್ಟ.

ನಿನ್ನ ಬೀದಿಯ ಅಶ್ಫಾಕ್ ಪೇಟೆಗೆ ಮಾಲು ತಗೊಳ್ಳಲು ಬಂದಿದ್ದಾನೆ. ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಬಾ ಅಂತಲೋ ಬ್ಯಾಡ ಅಂತಲೋ ಒಂದೇ ಮಾತು ಹೇಳಿ ಕಳಿಸು, ಸಾಕು.

ಇಂತಿ,
ಇನ್ನೂ ನಿನ್ನ ಗೆಳತಿಯೇ ಎಂದು ಕೇಳಲು ನಾಚುತ್ತಿರುವ
ಆಶಾರಾಣಿ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಲಕೋಟೆ ಅಂಟಿಸಿ ಅಶ್ಫಾಕನಿಗೆ ಕೊಟ್ಟವಳು ಮತ್ತೆ ಇಸಿದುಕೊಂಡು ಲಕೋಟೆ ಒಡೆದೆ. ಎಷ್ಟು ದೀಪ ಇರಬೇಕು ಎಂದು ನನಗೆ ಗೊತ್ತಿರಲಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ಎಸ್ಸೆಸ್ಸೆಲ್ಸಿಯ ವಿಜ್ಞಾನ ಪರೀಕ್ಷೆಯ ಹಿಂದಿನ ದಿನ ನಿಮ್ಮ ಮನೆಯ ಕಟ್ಟೆಯ ಮೇಲೆ ಹುಣಸೆಬೀಜ ಜೋಡಿಸಿ ಕಾರ್ಬನ್ ಕಲಿಸಿದವಳು ನೀನೇ. ಮರುದಿನ ಅದೇ ಬಂತು, ಅದರಿಂದಲೇ ನಾನು ಪಾಸಾದೆ. ಆರು ಎನ್ನುವುದನ್ನು ನಾನು ಯಾವತ್ತೂ ಮರೆತಿಲ್ಲ. ದೀಪ ಕಟ್ಟುವಾಗಲೂ ಗೊತ್ತಿತ್ತು, ಎಂಟು ಹೆಚ್ಚು ಮಿಂಚುತ್ತದೆ, ಯಾರು ಎಣಿಸುತ್ತಾರೆ ಅಂದುಕೊಂಡೆ. ಕೃತಿಕಾ ಬೆರಳಿಟ್ಟು ನಾಲ್ಕಕ್ಕೆ ಬರುವಷ್ಟರಲ್ಲಿ ಅವಳು ಎಲ್ಲಿ ನಿಲ್ಲುತ್ತಾಳೆಂದು ತಿಳಿದು, ಕೊಸರಿನ ಮಾತನ್ನು ನಾಲಿಗೆಯ ತುದಿಯಲ್ಲಿ ಸಿದ್ಧ ಮಾಡಿಟ್ಟುಕೊಂಡಿದ್ದೆ. ಗೊತ್ತಿಲ್ಲದೆ ನಕ್ಕವರು ಹಾಲಿನಲ್ಲಿ ನೂರು ಜನ ಇದ್ದರು. ಗೊತ್ತಿದ್ದು ನಗಿಸಿದವಳು ಒಬ್ಬಳೇ. ಶನಿವಾರ ಮಕ್ಕಳಿಗೆ ಇದನ್ನೂ ಹೇಳಬೇಕೆಂದರೆ ಹೇಳುತ್ತೇನೆ, ಆದರೆ ನೀನು ಬಾಗಿಲ ಹತ್ತಿರ ನಿಂತಿರು, ನಾನು ಅರ್ಧಕ್ಕೆ ಬಿಟ್ಟು ಹೋಗದಂತೆ.