ಇಲ್ಲದ ಹಾಳೆಯ ಹೆಜ್ಜೆ

ಬೈಂಡಿಂಗ್ ಅಂಗಡಿ
ತಾರೀಖು ಹದಿನಾಲ್ಕು, ಬುಧವಾರ ಬೆಳಿಗ್ಗೆ

ಮುದ್ದಿನ ಚಿಗರೆಗೆ,

ಚಿಕ್ಕಮ್ಮನ ಆಶೀರ್ವಾದಗಳು. ಅಕ್ಕನ ಬೆನ್ನುನೋವು ಹೇಗಿದೆ? ಅಳಿಯಂದಿರ ಕೆಮ್ಮು ನಿಂತಿತೆ? ಗುಂಡನಿಗೆ ಮುಂದಿನ ಹಲ್ಲು ಬಂತೋ, ಇನ್ನೂ ಕಿಟಕಿ ತೆರೆದೇ ಇದೆಯೋ? ನಾನಿಲ್ಲಿ ಕ್ಷೇಮ ಎಂದು ಬರೆಯಬೇಕು. ಆದರೆ ನಿನ್ನ ಕಾಗದ ಬಂದಾಗಿನಿಂದ ನನ್ನ ಬುದ್ಧಿ ಎಲ್ಲಿದೆಯೋ ಗೊತ್ತಿಲ್ಲ. ನಿನ್ನೆ ಚಹಾ ಎಂದುಕೊಂಡು ಅಂಟಿನ ಡಬ್ಬಿಯನ್ನೇ ಬಾಯಿಯವರೆಗೆ ಒಯ್ದಿದ್ದೆ.

ಮೊನ್ನೆ ನಾನು ಒಂದೇ ದಿನ ಮೂರು ಸಲ ಫೋನ್ ಮಾಡಿದ್ದು ನೆನಪಿದೆಯಲ್ಲ? ನೀನು "ಹೇಳು ಚಿಕ್ಕಮ್ಮ" ಅಂದ ಕೂಡಲೇ "ಊಟ ಆಯ್ತಾ?" ಎಂದು ಕೇಳಿ ಇಟ್ಟುಬಿಟ್ಟೆ. ಮೂರನೆಯ ಸಲ ನೀನೇ, "ನಮ್ಮನೇಲಿ ದಿನಕ್ಕೆ ಒಂದೇ ಊಟ ಕಣೇ, ಆಗ್ಲೇ ಆಯ್ತು" ಎಂದು ನಕ್ಕೆ. ನನಗೆ ನಗು ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದಕ್ಕೆ ನನ್ನ ದನಿ ಕೇಳುವುದಿಲ್ಲ.

ಕರಾಟೆ ಬೆಲ್ಟ್ ಪರೀಕ್ಷೆಯಲ್ಲಿ ಎರಡು ಸಲವೂ ನಿನ್ನನ್ನು ಫೇಲ್ ಮಾಡಿದ್ದು, ಹೆಜ್ಜೆ ಏಟುಗಳನ್ನು ಒಂದೇ ಕ್ರಮದಲ್ಲಿ ಮಾಡಿ ತೋರಿಸುವ ಆ ಉದ್ದನೆಯ ಕಟಾದಲ್ಲಿ, ಒಂದೇ ಜಾಗಕ್ಕೆ: ಹಿಂದಕ್ಕೆ ತಿರುಗುವ ಮೊದಲು ನೀನು ಇಡುವ ಅರ್ಧ ಹೆಜ್ಜೆ, ಕಿವಿಯ ಹತ್ತಿರ ಎತ್ತುವ ಅಂಗೈ. ಅದು ಕಟಾದಲ್ಲೇ ಇಲ್ಲ ಎಂದರು ಪರೀಕ್ಷಕರು. ಅದು ನಮ್ಮ ಹಿರಿಯ ಮೇಷ್ಟ್ರ ಪದ್ಧತಿ ಎಂದು ನೀನು ಎಲ್ಲರೆದುರು ವಾದ ಮಾಡಿದೆ. ಈ ಭಾನುವಾರ ತಿದ್ದಿಕೊಂಡು ಬಾರದಿದ್ದರೆ ತಮ್ಮ ಶಾಲೆಯ ಬಾಗಿಲು ನಿನಗೆ ಮುಚ್ಚಿತು ಎಂದು ಅವರು ಹೇಳಿದ್ದಾರೆ. ಬೆಲ್ಟ್ ಹೋದರೆ ನೀನು ಕಲಿಸುತ್ತಿರುವ ಮೂವತ್ತು ಹುಡುಗಿಯರ ತರಗತಿಯೂ ಹೋಯಿತು. ಆದರೂ ನೀನು ಬರೆದಿದ್ದೀ: "ಓಡಿಸಿದ್ರೆ ಓಡಿಸ್ಲಿ, ಹಿರಿಯ ಮೇಷ್ಟ್ರ ಮರ್ಯಾದೆ ನಾನು ಕಳೆಯಲ್ಲ."

ಚಿಗರೆ, ಕುಳಿತುಕೊಂಡು ಓದು. ಹಿರಿಯ ಮೇಷ್ಟ್ರು ಅನ್ನುವವರು ಯಾರೂ ಇರಲಿಲ್ಲ.

ನಾನು ಕರಾಟೆ ಕಲಿತದ್ದು ಒಂದು ಪುಸ್ತಕದಿಂದ. ಬೈಂಡಿಂಗಿಗೆಂದು ಯಾರೋ ಕೊಟ್ಟುಹೋದರು, ತಿರುಗಿ ಬರಲೇ ಇಲ್ಲ. ಭಾಷೆ ತಿಳಿಯದು, ಚಿತ್ರಗಳಿದ್ದವು. ಕೆಲಸ ಮುಗಿದ ಮೇಲೆ ಮೇಜುಗಳನ್ನು ಗೋಡೆಗೆ ತಳ್ಳಿ, ಕತ್ತರಿಸುವ ಯಂತ್ರದ ಮೇಲೆ ಪುಸ್ತಕ ತೆರೆದಿಟ್ಟು, ಚಿತ್ರ ನೋಡುವುದು, ಕಾಲು ಇಡುವುದು. ಮೂವತ್ತೊಂದನೆಯ ಚಿತ್ರದಲ್ಲಿ ಮನುಷ್ಯ ಮುಂದೆ ನೋಡುತ್ತಾನೆ, ಮೂವತ್ತನಾಲ್ಕರಲ್ಲಿ ಹಿಂದೆ. ನಡುವಿನ ಹಾಳೆ ಇಲ್ಲ. ಹಾಳೆ ಕಳೆದಿದ್ದರೆ ನಮ್ಮ ಕಸುಬಿನಲ್ಲಿ ಅಲ್ಲೊಂದು ಖಾಲಿ ಹಾಳೆ ಸೇರಿಸಿ ಕಟ್ಟುತ್ತೇವೆ, ಇಲ್ಲೇನೋ ಇಲ್ಲ ಎಂದು ಓದುವವರಿಗೆ ತಿಳಿಯಲಿ ಎಂದು. ನಾನು ಅಷ್ಟೂ ಮಾಡಲಿಲ್ಲ. ಅರ್ಧ ಹೆಜ್ಜೆ, ಒಂದು ಅಂಗೈ, ನಾನೇ ತುಂಬಿದೆ.

ಅಕ್ಕ ಕೆಲಸಕ್ಕೆ ಹೋದಾಗ ನೀನು ಶಾಲೆಯಿಂದ ನೇರ ಅಂಗಡಿಗೇ ಬರುತ್ತಿದ್ದೆ. ನೋಡಿ ನೋಡಿ ಕಲಿತೆ. ಹನ್ನೊಂದು ವರ್ಷಕ್ಕೇ ನಿನಗೆ ಅನುಮಾನ: "ಇಲ್ಲಿ ಯಾಕೆ ಹಿಂಗೆ ತಡವರಿಸ್ತೀಯ ಚಿಕ್ಕಮ್ಮ?" ಅಲ್ಲಿ ಸರಿಯಾದ ಹೆಜ್ಜೆ ಯಾವುದೆಂದು ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದಕ್ಕೆ ನಾಚಿಕೆ. "ನಮ್ಮ ಹಿರಿಯ ಮೇಷ್ಟ್ರು ಹೀಗೇ ಹೇಳಿಕೊಟ್ಟಿದ್ದು" ಅಂದುಬಿಟ್ಟೆ. ಆಮೇಲೆ ಅವರಿಗೆ ಗಡ್ಡ ಬಂತು, ಕೋಪ ಬಂತು, ಒಂದು ಫೋಟೊ ಕೂಡ ಬಂತು. ಆ ಫೋಟೊ ಫ್ರೇಮಿನ ಜೊತೆಗೇ ಸಿಕ್ಕಿದ್ದು, ಯಾರ ತಾತನೋ ಏನೋ. ಅವರನ್ನು ನೋಡಲೇಬೇಕು ಎಂದು ನೀನು ಹಟ ಹಿಡಿದಾಗ ಅವರನ್ನು ಸಾಯಿಸದೆ ವಿಧಿಯಿರಲಿಲ್ಲ. ನೀನು ಎರಡು ದಿನ ಅನ್ನ ಮುಟ್ಟಲಿಲ್ಲ. ಆಗಲೇ ಹೇಳಬೇಕಿತ್ತು. ನಿನ್ನ ತಲೆ ಸವರುತ್ತಾ ಕುಳಿತೆ, ಅಷ್ಟೇ.

ಸರಿಯಾದ ಹೆಜ್ಜೆ ಈಗ ಗೊತ್ತಾಗಿದೆ. ಅದೇ ಪುಸ್ತಕದ ಇನ್ನೊಂದು ಪ್ರತಿ ಹೋದ ವಾರ ಬೈಂಡಿಂಗಿಗೆ ಬಂದಿತ್ತು, ಎಲ್ಲ ಹಾಳೆಗಳೂ ಇದ್ದವು. ನೋಡು: ಎಡ ಹಿಮ್ಮಡಿ ಇದ್ದಲ್ಲೇ ಇರಬೇಕು. ಹಿಂದಕ್ಕೆ ಹೆಜ್ಜೆಯೇ ಇಲ್ಲ. ಎರಡೂ ಕೈ ಎದೆಯ ಮುಂದೆ ಅಡ್ಡ ಬರಬೇಕು, ಮೈಯೆಲ್ಲ ಒಟ್ಟಿಗೇ ತಿರುಗಬೇಕು. ತಿರುಗಿ ಮುಗಿದ ಮೇಲೆ ಬಲಮುಷ್ಟಿ ಸೊಂಟಕ್ಕೆ. ಅಷ್ಟೇ. ಅಂಗೈ ನನ್ನ ಸ್ವಂತ ಕಾಣಿಕೆ, ಅದನ್ನು ಮರೆತುಬಿಡು.

ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ, ಶುಕ್ರವಾರ ಕೈಸೇರುತ್ತದಂತೆ. ಇಪ್ಪತ್ತು ವರ್ಷ ಕಾಲಿಗೆ ಅಂಟಿದ್ದನ್ನು ಎರಡು ದಿನದಲ್ಲಿ ಬಿಡಿಸಬೇಕು. ಹಳೆಯ ಅಂಟನ್ನು ಎಳೆದರೆ ಹಾಳೆ ಹರಿಯುತ್ತದೆ, ಒದ್ದೆ ಬಟ್ಟೆ ಇಟ್ಟು ಕಾಯಬೇಕು. ನೀನೂ ಅವಸರ ಮಾಡಬೇಡ. ಪೂರ್ತಿ ಕಟಾ ಬೇಡ, ಆ ತಿರುವು ಒಂದನ್ನೇ, ನೀರಿನೊಳಗೆ ನಡೆದ ಹಾಗೆ ನಿಧಾನವಾಗಿ ಮಾಡು.

ಪರೀಕ್ಷಕರ ಮುಂದೆ ನನ್ನನ್ನು ಉಳಿಸಲು ಹೋಗಬೇಡ. "ನಮ್ಮ ಚಿಕ್ಕಮ್ಮ ಸುಳ್ಳು ಹೇಳಿದ್ಲು" ಎಂದು ನೇರವಾಗಿ ಹೇಳು. ಅವರು ಬೈದರೆ ನನಗೆ ಬೈಯಲಿ. ಬೇಕಾದರೆ ವಿಳಾಸವನ್ನೂ ಕೊಡು.

ಇಂತು ನಿನ್ನ
ಚಿಕ್ಕಮ್ಮ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಹಾಗೇ ಉಳಿದಿದೆ. ಆ ಇನ್ನೊಂದು ಪ್ರತಿ ಬಂದದ್ದು ಹೋದ ವಾರವಲ್ಲ, ಆರು ವರ್ಷದ ಹಿಂದೆ. ಅಂದಿನಿಂದ ನಾನು ಒಬ್ಬಳೇ ಇದ್ದಾಗ ಸರಿಯಾಗಿಯೇ ಮಾಡುತ್ತಿದ್ದೆ. ನೀನು ರಜೆಗೆ ಬಂದು ಪಕ್ಕದಲ್ಲಿ ನಿಂತಾಗ ಮಾತ್ರ, ನಿನ್ನ ಜೊತೆ ತಪ್ಪಾಗಿ ಮಾಡುತ್ತಿದ್ದೆ. ಇದನ್ನು ಓದಿದ ಮೇಲೂ ನನಗೆ ಬರೆಯಬೇಕು ಅನ್ನಿಸಿದರೆ ಬೇಗ ಬರಿ ಚಿಗರೆ. ಬೈದಾದರೂ ಸರಿ, ಬರಿ.